ಕೀಲಿಗೊಂಚಲು

ಕಂಪ್ಯೂಟರಿನ ಕೀಬೋರ್ಡಿಗೆ ಕನ್ನಡದಲ್ಲಿ ‘ಕೀಲಿಮಣೆ’ ಎಂಬ ಹೆಸರು ಹೇಗೋ ನಿಂತುಬಿಟ್ಟಿದೆ. ಮೊದಲ ಸಲ ಕೇಳಿದಾಗ ನನಗೆ ನಗು ಬಂದಿತ್ತು. ಮಣೆ ಎಂದರೆ ನಮ್ಮ ಹೆಂಗಸರ ಲೋಕದ ವಸ್ತು. ಈಳಿಗೆಮಣೆ, ಲಟ್ಟಿಸುವ ಮಣೆ, ಶಾವಿಗೆಮಣೆ, ಹಸೆಮಣೆ... ಆ ಸಾಲಿಗೆ ಈಗ ಇನ್ನೊಂದು ಮಣೆ ಸೇರಿದೆ, ಅಷ್ಟೆ. ಇನ್ನು ಕೀಲಿ. ನಮ್ಮ ಬಳ್ಳಾರಿ ಕಡೆ ಈ ಮಾತಿನ ಸೊಗಸೇ ಬೇರೆ. ‘ಕೀಲಿ ಹಾಕು’ ಎಂದರೆ ಬೀಗ ಹಾಕು ಎಂದರ್ಥ. ‘ಕೀಲಿ ಕೊಡು’ ಎಂದರೆ ಬೀಗದ ಕೈ ಕೊಡು ಎಂದರ್ಥ. ಮುಚ್ಚುವುದಕ್ಕೂ ಅದೇ ಮಾತು, ತೆರೆಯುವುದಕ್ಕೂ ಅದೇ ಮಾತು. ಆ ಮಣೆಯ ಮುಂದೆ ಇಷ್ಟು ವರ್ಷ ಕೂತ ಮೇಲೆ, ನನ್ನ ಕಸುಬಿನ ಧರ್ಮಸಂಕಟವೆಲ್ಲ ಈ ಒಂದು ಪದದಲ್ಲಿಯೇ ಇದೆ ಅನ್ನಿಸತೊಡಗಿದೆ.

ನನ್ನ ಕಸುಬು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು, ವೆಬ್‌ಸೈಟು ಕಟ್ಟುವುದು. ಗಾಂಧಿನಗರದ ನಮ್ಮ ಮನೆಯ ಮಹಡಿಯ ಕೋಣೆಯೇ ನನ್ನ ಆಫೀಸು. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಅಮೆರಿಕದ ಬ್ಯಾಂಕಿಗೆ ಬರೆಯುವ ದೊಡ್ಡ ಪ್ರೋಗ್ರಾಮುಗಳಲ್ಲ ನನ್ನವು. ಒಂದು ಶಾಲೆಯ ಫೀ ಲೆಕ್ಕ, ಒಂದು ಬಟ್ಟೆ ಅಂಗಡಿಯ ದಾಸ್ತಾನು, ಒಂದು ಮಹಿಳಾ ಸಂಘದ ಉಳಿತಾಯ ಖಾತೆ, ಇಂಥವು. ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವು ತಮಾಷೆ ಮಾಡುತ್ತೇವಲ್ಲ, ಆ ಕಡುಬೇಸಿಗೆಯ ಮಧ್ಯಾಹ್ನಗಳಲ್ಲಿ ಕರೆಂಟು ಹೋಗಿ ಯುಪಿಎಸ್ ಕೀಂ ಎನ್ನುವಾಗ, ಇದನ್ನು ಬಿಟ್ಟು ಹಪ್ಪಳ ಒತ್ತಿದ್ದರೆ ಬಿಸಿಲಾದರೂ ಉಪಯೋಗಕ್ಕೆ ಬರುತ್ತಿತ್ತು ಅನ್ನಿಸಿದ್ದುಂಟು.

ಪ್ರೋಗ್ರಾಂ ಬರೆಯುವುದು ಎಂದರೆ ಏನೋ ಹೊಸದನ್ನು ಸೃಷ್ಟಿಸುವುದು ಎಂದು ಹೊರಗಿನವರು ತಿಳಿಯುತ್ತಾರೆ. ನಿಜ ಹೇಳಬೇಕೆಂದರೆ ದಿನದ ಹೆಚ್ಚು ಹೊತ್ತು ಹೋಗುವುದು ಯಾರೋ ಹಿಂದೆ ಬರೆದದ್ದನ್ನು ಓದುವುದರಲ್ಲಿ. ಮೂರು ತಿಂಗಳ ಹಿಂದೆ ನಾನೇ ಬರೆದದ್ದು ಕೂಡ ‘ಯಾರೋ ಬರೆದದ್ದೇ’. ಹಾಗಾಗಿ ನನ್ನ ಹತ್ತಿರ ಉದ್ದದ ಗೆರೆ ಹಾಳೆಯ ಒಂದು ಕೆಲಸದ ಪುಸ್ತಕವಿದೆ. ಹಾಲಿನವರ ಲೆಕ್ಕ, ಧೋಬಿ ಲೆಕ್ಕ ಬರೆಯುವ ಹಾಗೆ ದಿನದಿನದ ಟಿಪ್ಪಣಿ. ಏನು ಮಾಡಿದೆ ಎಂಬುದು ಕಂಪ್ಯೂಟರಿನಲ್ಲೇ ಇರುತ್ತದೆ. ಯಾಕೆ ಮಾಡಿದೆ ಎಂಬುದನ್ನು ಮಾತ್ರ ಅದು ತಾನಾಗಿ ನೆನಪಿಡುವುದಿಲ್ಲ. ಅದಕ್ಕೇ ಪುಸ್ತಕ.

ಅದರಿಂದ ಎರಡು ಟಿಪ್ಪಣಿ ತೆಗೆದು ತೋರಿಸುತ್ತೇನೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಹೆಸರಿನ ಇಂಗ್ಲಿಷ್ ಕಾಗುಣಿತ ಬದಲಾಯಿತು. ಕನ್ನಡದಲ್ಲಿ ಬಳ್ಳಾರಿ ಯಾವತ್ತೂ ಬಳ್ಳಾರಿಯೇ, ಇಂಗ್ಲಿಷಿನಲ್ಲಿ ಮಾತ್ರ ಅದು ಅಲ್ಲಿಯವರೆಗೆ ‘ಬೆಲ್ಲಾರಿ’ ಆಗಿತ್ತು. ಒಂದು ಅಂಗಡಿಯ ವೆಬ್‌ಸೈಟಿನ ವಿಳಾಸದಲ್ಲಿ ಆ ಹಳೆಯ ಕಾಗುಣಿತವಿತ್ತು. ಹೊಸ ವಿಳಾಸ ಕೊಟ್ಟೆವು. ಅಂದಿನ ಟಿಪ್ಪಣಿ ಹೀಗಿದೆ: ‘ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕರೆದೊಯ್ಯುವ ಸಾಲು ಸೇರಿಸಿದೆ. ಇದನ್ನು ಯಾವತ್ತೂ ತೆಗೆಯಬಾರದು. ಊರ ತುಂಬ ಇರುವ ಕೈಚೀಲಗಳ ಮೇಲೆ ಹಳೆಯ ವಿಳಾಸವೇ ಅಚ್ಚಾಗಿದೆ.’ ಇನ್ನೊಂದು, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಬರೆದದ್ದು. ನಮ್ಮ ಪಾಲಿಗೆ ಉಳಿದ ತಾಲ್ಲೂಕುಗಳು ಐದು: ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು. ‘ಪಟ್ಟಿಯಿಂದ ಹೊಸಪೇಟೆ ತೆಗೆದೆ. ಹಳೆಯ ರಸೀದಿಗಳಲ್ಲಿ ಬಳ್ಳಾರಿ ಜಿಲ್ಲೆ ಎಂದೇ ಇರಲಿ, ತಪ್ಪೆಂದು ತಿದ್ದಬೇಡಿ. ಆಗ ಅದು ಇಲ್ಲಿಯೇ ಇತ್ತು.’

ಈ ‘ತಿದ್ದಬೇಡಿ’ ಎಂಬ ಬಹುವಚನ ಯಾರಿಗೆ? ಆ ಕೋಣೆಯಲ್ಲಿ ನಾನೊಬ್ಬಳೇ ಇರುವುದು. ನನ್ನ ನಂತರ ಇದನ್ನು ಕೈಗೆತ್ತಿಕೊಳ್ಳುವ, ನಾನು ನೋಡದ, ಹೆಸರೂ ಗೊತ್ತಿಲ್ಲದ ಒಬ್ಬರಿಗೆ. ನನ್ನ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಆ ಕಾಣದವರಿಗೆ ನಾನು ಏನಾದರೂ ಬಾಕಿ ಇದ್ದೇನೆಯೆ? ನನ್ನ ಹೊಟ್ಟೆಪಾಡಿನ ಗುಟ್ಟನ್ನು ಬರೆದಿಟ್ಟು ಹೋಗುವಷ್ಟು ಬಾಕಿ?

ಗುಟ್ಟು ಎಂದು ಬೇಕೆಂದೇ ಹೇಳಿದೆ. ಪ್ರೋಗ್ರಾಮಿನ ಒಳಗೆ ನಡುನಡುವೆ ನಮ್ಮ ಮಾತಿನಲ್ಲಿ ವಿವರಣೆ ಬರೆಯಬಹುದು. ಕಂಪ್ಯೂಟರು ಆ ಸಾಲುಗಳನ್ನು ಓದದೆ ದಾಟಿಹೋಗುತ್ತದೆ. ಅವು ಮನುಷ್ಯರಿಗಾಗಿಯೇ ಇರುವ ಸಾಲುಗಳು. ಬರೆಯದಿದ್ದರೂ ಪ್ರೋಗ್ರಾಂ ಓಡುತ್ತದೆ, ಹಣ ಕೊಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಹಾಗೆಯೇ ಒಂದು ಮೊತ್ತಕ್ಕೆ ‘ಬಾಕಿ ಫೀ’ ಎಂದು ಹೆಸರಿಡಬಹುದು, ‘ಕ್ಷ’ ಎಂದೂ ಇಡಬಹುದು. ಎರಡರಿಂದಲೂ ಲೆಕ್ಕ ಸರಿಯಾಗಿಯೇ ಬರುತ್ತದೆ. ‘ಕ್ಷ’ ಎಂದಿಟ್ಟರೆ ಮುಂದೆ ಬರುವವರು ತಲೆ ಚಚ್ಚಿಕೊಂಡು, ಕೊನೆಗೆ ಇಟ್ಟವರನ್ನೇ ಕರೆಯಬೇಕಾಗುತ್ತದೆ. ನಾನು ಈ ಕೆಲಸಕ್ಕೆ ಇಳಿದ ಹೊಸದರಲ್ಲಿ ಗೆಳತಿಯೊಬ್ಬಳು ಬುದ್ಧಿ ಹೇಳಿದ್ದಳು: ‘ಎಲ್ಲಾ ಬರದು ಇಟ್ಟಿ ಅಂದ್ರ ನಾಳೆ ನಿನ್ನ ಯಾರು ಕರೀತಾರೆ? ಒಂದು ಗಂಟು ನಿನ್ನ ಕೈಯಾಗೇ ಇರ್ಲಿ.’ ಅವಳು ಕೆಟ್ಟವಳಲ್ಲ. ಗಂಡ ಕೆಲಸ ಕಳೆದುಕೊಂಡಾಗ ಇಬ್ಬರು ಮಕ್ಕಳನ್ನು ಈ ಕಸುಬಿನಿಂದಲೇ ಓದಿಸಿದವಳು.

ಅವಳ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಕೂಡುಕುಟುಂಬದ ಮನೆಗಳನ್ನು ಕಂಡವರಿಗೆ ನೆನಪಿರಬಹುದು, ಹಿರಿಯ ಹೆಂಗಸಿನ ಸೊಂಟದಲ್ಲಿ ಬೆಳ್ಳಿಯ ಕೊಕ್ಕೆಗೆ ತೂಗುವ ಕೀಲಿಗೊಂಚಲು. ಉಗ್ರಾಣದ ಕೀಲಿ, ಟ್ರಂಕಿನ ಕೀಲಿ, ತುಪ್ಪದ ಕಪಾಟಿನ ಕೀಲಿ. ಸೊಸೆ ಮುಂಜಾನೆ ಎದ್ದು ಬೆಲ್ಲಕ್ಕಾಗಿ ಅತ್ತೆಯ ಮುಖ ನೋಡಬೇಕು. ಎಷ್ಟು ಕಥೆ, ಎಷ್ಟು ಸಿನಿಮಾಗಳಲ್ಲಿ ಆ ಅತ್ತೆಯನ್ನು ಬೈದು ನಾವು ಖುಷಿಪಟ್ಟಿದ್ದೇವೆ! ಆದರೆ ಒಂದು ಲೆಕ್ಕ ನೋಡಿ. ಕರ್ನಾಟಕದಲ್ಲಿ ಮಗಳಿಗೂ ಮಗನ ಹಾಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1994ರಲ್ಲಿ. ಇಡೀ ದೇಶಕ್ಕೆ ಅಂಥ ಕಾನೂನು ಬಂದದ್ದು 2005ರಲ್ಲಿ. ಅದಕ್ಕೂ ಹಿಂದಿನ ಆ ಅತ್ತೆಯ ಹೆಸರಿನಲ್ಲಿ ಮನೆಯಿರಲಿಲ್ಲ, ಹೊಲವಿರಲಿಲ್ಲ, ಬ್ಯಾಂಕಿನ ಪುಸ್ತಕವೂ ಇರಲಿಲ್ಲ. ಇದ್ದದ್ದು ಆ ಗೊಂಚಲು ಒಂದೇ. ಅದನ್ನು ಬಿಚ್ಚಿಕೊಟ್ಟ ದಿನ ಅವಳ ಜಾಗ ನಡುಮನೆಯಿಂದ ಹಿತ್ತಿಲ ಕಟ್ಟೆಗೆ ಹೋಗುತ್ತಿತ್ತು. ಬೇರೆ ಯಾವ ಅಧಿಕಾರವನ್ನೂ ಕೊಡದ ಲೋಕದಲ್ಲಿ ಅವಳು ಕೀಲಿಯನ್ನು ಬಿಗಿಯಾಗಿ ಹಿಡಿದಿದ್ದರೆ ಅದನ್ನು ಸಣ್ಣತನ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಪುಳಿಯೋಗರೆ ಗೊಜ್ಜಿನ ಅಳತೆಯನ್ನು ಸೊಸೆಗೆ ಪೂರ್ತಿ ಹೇಳದೆ ಒಂದು ಸಾಮಾನು ಮರೆತಂತೆ ಬಿಡುವ ಹೆಂಗಸರೂ ಇದೇ ಸಾಲಿನವರು.

ಹಾಗಾದರೆ ಗೆಳತಿಯ ಮಾತೇ ಸರಿಯೆ? ಇಬ್ಬರು ಅಪರಿಚಿತರು ನನ್ನನ್ನು ಈ ಬಗ್ಗೆ ಯೋಚಿಸುವಂತೆ ಮಾಡಿದರು. ಇಬ್ಬರ ಮುಖವನ್ನೂ ನಾನು ನೋಡಿಲ್ಲ, ಅವರ ಕೆಲಸವನ್ನಷ್ಟೇ ನೋಡಿದ್ದೇನೆ.

ಮೊದಲನೆಯವನು, ಒಂದು ಸಂಸ್ಥೆಗೆ ವೆಬ್‌ಸೈಟು ಮಾಡಿಕೊಟ್ಟು ಊರು ಬಿಟ್ಟು ಹೋದ ಹುಡುಗ. ಸೈಟಿನ ಹೆಸರನ್ನು ತನ್ನ ಹೆಸರಿನಲ್ಲೇ ನೋಂದಾಯಿಸಿದ್ದ. ಪಾಸ್‌ವರ್ಡು ಅವನ ತಲೆಯಲ್ಲಿತ್ತು. ಫೋನ್ ನಂಬರು ಬದಲಾಗಿತ್ತು. ಅವಧಿ ಮುಗಿಯಿತು, ಸೈಟು ಕಣ್ಣುಮುಚ್ಚಿತು. ಹನ್ನೊಂದು ವರ್ಷದ ವರದಿಗಳು, ಫೋಟೋಗಳು, ದಾನಿಗಳ ಪಟ್ಟಿ ಎಲ್ಲ ಆ ಬಾಗಿಲಿನ ಆಚೆ. ನನ್ನನ್ನು ಕರೆದರು. ಸಿಕ್ಕಷ್ಟು ಚೂರುಗಳನ್ನು ಅಲ್ಲಿ ಇಲ್ಲಿ ಆಯ್ದು ಹೊಸದೊಂದನ್ನು ಕಟ್ಟಿದೆ, ಪೂರ್ತಿ ಆಗಲಿಲ್ಲ. ಅಲ್ಲಿಯ ಹಿರಿಯರು ಅವನನ್ನು ಬಾಯಿತುಂಬ ಬೈದರು. ನಾನು ಬೈಯಲಿಲ್ಲ, ಯಾಕೆಂದರೆ ಹಳೆಯ ಫೈಲಿನಲ್ಲಿ ಅವನಿಗೆ ಕೊಟ್ಟ ಹಣದ ರಸೀದಿ ನೋಡಿದ್ದೆ. ಹನ್ನೊಂದು ವರ್ಷದಲ್ಲಿ ಒಂದೇ ರಸೀದಿ! ‘ಒಮ್ಮೆ ಮಾಡಿಕೊಟ್ಟರೆ ಮುಗೀತಲ್ಲ, ಮತ್ತೆ ಮತ್ತೆ ಯಾಕೆ ಕೊಡಬೇಕು’ ಎಂದು ಅವರು ತಿಳಿದಿದ್ದರು. ಮನೆ ಗುಡಿಸುವುದು ಒಮ್ಮೆ ಮಾಡಿದರೆ ಮುಗಿಯುತ್ತದೆಯೇ?

ಎರಡನೆಯವಳ ಕಥೆ ಹೇಳಬೇಕಾದರೆ ಕನ್ನಡ ಅಕ್ಷರದ ಕಥೆಯನ್ನು ಸ್ವಲ್ಪ ಹೇಳಬೇಕು. ಬೇಸರಪಡಬೇಡಿ, ಇದು ನಮ್ಮೆಲ್ಲರ ಮನೆಯ ಸಂಗತಿ. ಮೊದಲಿನ ಕಂಪ್ಯೂಟರುಗಳಲ್ಲಿ ಒಂದು ಅಕ್ಷರಶೈಲಿಗೆ ಇದ್ದದ್ದು 256 ಮನೆಗಳು. ಅದೂ ಇಂಗ್ಲಿಷು ಮತ್ತು ಯೂರೋಪಿನ ಅಕ್ಷರಗಳಿಗೆಂದು ಕಟ್ಟಿದವು. ಅಲ್ಲಿ ಕನ್ನಡವನ್ನು ಹೊಗಿಸಲು ನಮ್ಮವರು ಒಂದು ಉಪಾಯ ಮಾಡಿದರು. ತಲೆಕಟ್ಟು, ಕೊಂಬು, ಗುಡಿಸು, ಒತ್ತು ಎಂದು ಅಕ್ಷರಗಳನ್ನು ಬಿಡಿ ಬಿಡಿ ಮಾಡಿ ಆ ಪರದೇಶದ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದರು. ಕಂಪ್ಯೂಟರು ತಾನು ಯೂರೋಪಿನ ಅಕ್ಷರ ಬರೆಯುತ್ತಿದ್ದೇನೆ ಎಂದೇ ತಿಳಿದಿರುತ್ತಿತ್ತು. ಫಾಂಟು ಅದರ ಮೇಲೆ ಕನ್ನಡದ ವೇಷ ಹಾಕುತ್ತಿತ್ತು. 1998ರಲ್ಲಿ ಬಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನಿಂದ ಬಂದ ‘ನುಡಿ’, ಇವೆಲ್ಲ ಈ ದಾರಿಯಲ್ಲಿಯೇ ಶುರುವಾಗಿ ನಾಡಿನ ಊರೂರುಗಳ ಡಿಟಿಪಿ ಅಂಗಡಿಗಳಿಗೆ ಕನ್ನಡವನ್ನು ಉಚಿತವಾಗಿ ತಲುಪಿಸಿದವು. ದೊಡ್ಡ ಉಪಕಾರ. ಆದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಫೈಲು ತೆರೆದರೆ ವೇಷ ಕಳಚಿಬಿಡುತ್ತದೆ. ಟೋಪಿ ಹಾಕಿದ, ಚುಕ್ಕೆಯಿಟ್ಟ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತದೆ.

ಇದಕ್ಕೆ ಪರಿಹಾರವಾಗಿ ಲೋಕದ ಎಲ್ಲ ಲಿಪಿಗಳಿಗೂ ಒಂದೊಂದು ಸ್ವಂತ ಕೇರಿ ಕೊಟ್ಟ ಏರ್ಪಾಡೇ ಯೂನಿಕೋಡ್. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಕನ್ನಡಕ್ಕೆ ಅದರಲ್ಲಿ 128 ಮನೆಗಳ ಕೇರಿ. ಅದರ ಒತ್ತಿನ ಕೇರಿ ಯಾವುದು ಗೊತ್ತೆ? ತೆಲುಗಿನದು! ತೆಲುಗಿನ ‘ಕ’ ಅಕ್ಷರದ ಮನೆ ನಂಬರು 3093, ಕನ್ನಡದ ‘ಕ’ ಅಕ್ಷರದ್ದು 3221. ಸರಿಯಾಗಿ 128 ಮನೆ ಆಚೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ, ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಎಂದು ಹಂಚಿಹೋದ ನಮ್ಮ ಸೀಮೆಯವರಿಗೆ ಈ ಪಕ್ಕದ ಮನೆಯ ಲೆಕ್ಕ ನೋಡಿ ಖುಷಿಯಾಗಬೇಕು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಹೆಸರಿನ ಯೂನಿಕೋಡ್ ಕನ್ನಡ ಫಾಂಟೂ ಇತ್ತು. ಆದರೂ ಊರುಗಳಲ್ಲಿ ಎಷ್ಟೋ ವರ್ಷ ಹಳೆಯ ಫಾಂಟಿನಲ್ಲೇ ಟೈಪು ನಡೆಯಿತು. ಯಾರೂ ಬೇಕೆಂದು ಹಾಕದ ಬೀಗಗಳು ಹೀಗೆ ಸಾವಿರ ಸಾವಿರ ಫೈಲುಗಳಿಗೆ ಬಿದ್ದವು.

ಅಂಥ ಒಂದು ಬೀಗವನ್ನು ಹಿಡಿದು ಸಿರುಗುಪ್ಪದ ಗೃಹಿಣಿಯೊಬ್ಬರು ನನ್ನ ಹತ್ತಿರ ಬಂದರು. ಕುರುಗೋಡಿನ ಅವರ ತಾಯಿ ಹಸೆಗೆ, ಆರತಿಗೆ, ಕುಟ್ಟುವಾಗ ಬೀಸುವಾಗ ಹಾಡುತ್ತಿದ್ದ ಪದಗಳನ್ನು ಇಪ್ಪತ್ತು ವರ್ಷದ ಹಿಂದೆ ಯಾವುದೋ ಡಿಟಿಪಿ ಅಂಗಡಿಯಲ್ಲಿ ಹೇಳಿ ಬರೆಸಿದ್ದರಂತೆ. ಪುಸ್ತಕ ಮಾಡಿಸುವ ಆಸೆಯಿತ್ತು, ಹಣ ಕೂಡಲಿಲ್ಲ. ತಾಯಿ ಹೋದರು, ಅಂಗಡಿ ಮುಚ್ಚಿತು. ಉಳಿದದ್ದು ಒಂದು ಸಿಡಿ. ತೆರೆದರೆ ಅದೇ ಟೋಪಿ ಚುಕ್ಕೆಗಳ ಜಾತ್ರೆ. ‘ಅವ್ವನ ದನಿ ಇದರಾಗ ಐತಿ ಅಂತ ಇಟ್ಕೊಂಡಿದ್ದೆ, ಹಿಂಗಾತಲ್ಲ’ ಎಂದು ಕಣ್ಣು ತುಂಬಿಕೊಂಡರು.

ಸಿಡಿಯ ಕಾಗದದ ಹೊದಿಕೆಯ ಮೇಲೆ ಬಾಲ್‌ಪೆನ್ನಿನಲ್ಲಿ ದುಂಡಗಿನ ಕೈಬರಹವಿತ್ತು. ಟೈಪು ಮಾಡಿದವಳು ಹುಡುಗಿಯೇ ಎಂದು ಅವರಿಗೆ ನೆನಪಿತ್ತು, ಹೆಸರು ನೆನಪಿರಲಿಲ್ಲ. ಅವಳು ಬರೆದಿದ್ದಳು: ‘ನುಡಿ ಅಕ್ಷರ ಫಾಂಟು. ಒಟ್ಟು 64 ಪುಟ. 41ನೇ ಪುಟದ ಪದವನ್ನು ಅಮ್ಮ ಎರಡು ದಿನ ಎರಡು ಥರ ಹೇಳಿದರು. ಎರಡನ್ನೂ ಹಾಕಿದ್ದೇನೆ. ತಪ್ಪಲ್ಲ.’

ನಾಲ್ಕು ಸಾಲು. ಫಾಂಟಿನ ಹೆಸರು ಗೊತ್ತಾದದ್ದರಿಂದ ಹಳೆಯ ಮನೆ ನಂಬರುಗಳನ್ನು ಹೊಸ ಕೇರಿಯ ನಂಬರಿಗೆ ಬದಲಿಸುವ ಪ್ರೋಗ್ರಾಂ ಹಾಕಿ ಸಂಜೆಯೊಳಗೆ ಮುಗಿಸಿದೆ. 41ನೇ ಪುಟಕ್ಕೆ ಬಂದಾಗ ಒಂದೇ ಪದ ಎರಡು ಸಲ, ಅಲ್ಲಲ್ಲಿ ಮಾತು ಬೇರೆ. ಆ ಚೀಟಿ ಇಲ್ಲದಿದ್ದರೆ ಯಾರೇ ಆದರೂ ಎರಡರಲ್ಲೊಂದು ಟೈಪಿನ ತಪ್ಪೆಂದು ತಿಳಿದು ಅಳಿಸುತ್ತಿದ್ದರು. ಒಬ್ಬ ಹೆಂಗಸು ಒಂದೇ ಹಾಡನ್ನು ಸೋಮವಾರ ಒಂದು ರೀತಿ, ಮಂಗಳವಾರ ಇನ್ನೊಂದು ರೀತಿ ಹೇಳಿದಳಲ್ಲ, ಹಾಡು ಅವಳ ಬಾಯಲ್ಲಿ ಜೀವಂತವಾಗಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಅದನ್ನು ಉಳಿಸಿದವಳು ಪುಟಕ್ಕೆ ಇಷ್ಟು ಎಂದು ಕೂಲಿ ಪಡೆದ ಒಬ್ಬ ಹುಡುಗಿ. ಆ ನಾಲ್ಕು ಸಾಲಿಗೆ ಅವಳಿಗೆ ಯಾರೂ ಕಾಸು ಕೊಟ್ಟಿರಲಾರರು.

ಅವಳು ಬಡಿದ ಆ ಕೀಲಿಮಣೆಯ ಹಿಂದೆಯೂ ಇಂಥದೇ ಒಂದು ಮನಸ್ಸು ಇತ್ತು. ಕನ್ನಡದ ನೂರಾರು ರೂಪಗಳನ್ನು ಇಪ್ಪತ್ತಾರು ಕೀಲಿಗಳಲ್ಲಿ ಅಡಗಿಸುವ ದಾರಿ ತೋರಿಸಿದವರು ಕೆ. ಪಿ. ರಾವ್. ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಸೇರಿಸಿ ಒತ್ತಿದರೆ ಖ, ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿ. ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿದದ್ದರಿಂದ ಕಲಿಯುವುದು ಸುಲಭವಾಯಿತು. ಸ್ವಲ್ಪ ಬದಲಾವಣೆಯೊಂದಿಗೆ ಸರ್ಕಾರ ಒಪ್ಪಿಕೊಂಡದ್ದೂ ಅದನ್ನೇ. ಅದನ್ನವರು ತಮ್ಮ ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟರು. ನಮ್ಮ ನೆರೆಯ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ. ವೆಬ್ಬಿನ ಕಥೆಯೂ ಹೀಗೆಯೇ. ಟಿಮ್ ಬರ್ನರ್ಸ್-ಲೀ ಕೆಲಸ ಮಾಡುತ್ತಿದ್ದ ಜಿನೀವಾದ ಸರ್ನ್ ಸಂಸ್ಥೆ 1993ರ ಏಪ್ರಿಲ್ 30ರಂದು ವೆಬ್ಬಿನ ಪ್ರೋಗ್ರಾಮುಗಳನ್ನು ಸಾರ್ವಜನಿಕರ ಸೊತ್ತು ಎಂದು ಸಾರಿತು. ವೆಬ್‌ಪುಟ ಹೇಗೆ ಕಟ್ಟಿದ್ದಾರೆ ಎಂದು ಯಾರು ಬೇಕಾದರೂ ಒಳಗಿನ ಬರಹವನ್ನು ತೆರೆದು ನೋಡಬಹುದಾಗಿತ್ತು. ಅಡುಗೆಮನೆಯ ಬಾಗಿಲು ತೆರೆದಿಟ್ಟ ಊಟದ ಮನೆಯಿದ್ದಂತೆ. ಬಳ್ಳಾರಿಯಂಥ ಊರಿನಲ್ಲಿ, ಕ್ಲಾಸಿಗೆ ದುಡ್ಡಿಲ್ಲದೆ ಕಲಿತ ನನ್ನಂಥವರು ಆ ಬಾಗಿಲಿನಲ್ಲಿ ನಿಂತೇ ಕಲಿತವರು.

ಇಲ್ಲಿಗೇ ನಿಲ್ಲಿಸಿದರೆ ಇದೊಂದು ನೀತಿಕಥೆಯಾಗುತ್ತದೆ: ಕೊಡುವವರು ದೊಡ್ಡವರು, ಮುಚ್ಚಿಡುವವರು ಸಣ್ಣವರು. ಅಷ್ಟು ಸರಳವಲ್ಲ. 2016ರ ಮಾರ್ಚಿನಲ್ಲಿ ನಡೆದದ್ದು ಕೇಳಿ. ಒಬ್ಬ ಪ್ರೋಗ್ರಾಮರ್ ತಾನು ಬರೆದ ಎರಡುನೂರೈವತ್ತಕ್ಕೂ ಹೆಚ್ಚು ಸಣ್ಣ ಸಣ್ಣ ತುಣುಕುಗಳನ್ನು ಎಲ್ಲರ ಬಳಕೆಗೆಂದು ಒಂದು ಸಾರ್ವಜನಿಕ ಕಣಜದಲ್ಲಿ ಇಟ್ಟಿದ್ದ. ಒಂದು ತುಣುಕಿಗೆ ಅವನು ಇಟ್ಟ ಹೆಸರು ತನಗೆ ಬೇಕೆಂದು ಒಂದು ಕಂಪನಿ ಜಗಳ ತೆಗೆಯಿತು. ಕಣಜದವರು ಅವನನ್ನು ಮೀರಿ ಹೆಸರನ್ನು ಕಂಪನಿಗೆ ಕೊಟ್ಟರು. ನೊಂದ ಅವನು ತನ್ನದನ್ನೆಲ್ಲ ವಾಪಸು ತೆಗೆದುಕೊಂಡ. ಅದರಲ್ಲಿ ‘ಲೆಫ್ಟ್‌ಪ್ಯಾಡ್’ ಎಂಬುದೊಂದಿತ್ತು. ಸಾಲಿನ ಎಡಗಡೆ ಖಾಲಿ ಜಾಗ ತುಂಬುವ ಹನ್ನೊಂದೇ ಸಾಲಿನ ಪ್ರೋಗ್ರಾಂ. ಅದಿಲ್ಲದೆ ಜಗತ್ತಿನಾದ್ಯಂತ ಸಾವಿರಾರು ಜನರ ಕೆಲಸ ನಿಂತುಹೋಯಿತು! ಕೆಲವೇ ಗಂಟೆಗಳಲ್ಲಿ ಕಣಜದವರು ತಾವೇ ಅದನ್ನು ಮರಳಿ ಇಟ್ಟರು. ಓದುತ್ತಾ ನನಗೆ ನೆನಪಾದದ್ದು, ಮುನಿಸಿಕೊಂಡು ತವರಿಗೆ ಹೋದ ಸೊಸೆ. ಅವಳು ಹೋದ ಮರುದಿನವೇ ಗೊತ್ತಾಗುವುದು, ಹಾಲಿಗೆ ಹೆಪ್ಪು ಹಾಕುತ್ತಿದ್ದವಳು ಅವಳು ಎಂದು.

ಅದಕ್ಕೂ ಎರಡು ವರ್ಷ ಹಿಂದೆ, 2014ರ ಏಪ್ರಿಲಿನಲ್ಲಿ, ‘ಓಪನ್‌ಎಸ್‌ಎಸ್‌ಎಲ್’ ಎಂಬ ಪ್ರೋಗ್ರಾಮಿನಲ್ಲಿ ದೊಡ್ಡ ಬಿರುಕು ಕಂಡಿತು. ಬ್ಯಾಂಕಿನ ಪುಟ ತೆರೆದಾಗ ನಮ್ಮ ಗುಟ್ಟು ಕಾಪಾಡುವ ಬೀಗ ಅದು, ದೊಡ್ಡ ದೊಡ್ಡ ಕಂಪನಿಗಳೆಲ್ಲ ಬಳಸುತ್ತಿದ್ದದ್ದು. ಆಗ ಬಯಲಾದ ಸಂಗತಿ: ಅದನ್ನು ನೋಡಿಕೊಳ್ಳುತ್ತಿದ್ದವರು ಬೆರಳೆಣಿಕೆಯ ಜನ, ಅವರಿಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್. ಕೀಲಿಯನ್ನು ಲೋಕಕ್ಕೇ ಬಿಚ್ಚಿಕೊಟ್ಟವರಿಗೆ ಲೋಕ ಕೊಟ್ಟದ್ದು ಅಷ್ಟು. ಗೆಳತಿಯ ಕೈಗೆ ಇದನ್ನು ಕೊಟ್ಟರೆ ‘ನೋಡಿದೆಯಾ’ ಎನ್ನುತ್ತಾಳೆ. ನಾನೇನು ಹೇಳಲಿ?

ಬಹಳ ದಿನ ಯೋಚಿಸಿ ನಾನು ಒಂದು ಗೆರೆ ಎಳೆದುಕೊಂಡಿದ್ದೇನೆ. ಕೀಲಿ ಬೇರೆ, ಕೈಗುಣ ಬೇರೆ. ಒಂದು ಮನೆಯ ಉಗ್ರಾಣದ ಕೀಲಿ ಆ ಮನೆಯಲ್ಲಿ ಉಣ್ಣುವವರೆಲ್ಲರದು. ಅದು ಯಾರ ಸೊಂಟದಲ್ಲಿದ್ದರೂ ಅವರು ಕಾವಲಿನವರು, ಒಡೆಯರಲ್ಲ. ಆ ಸಂಸ್ಥೆಯ ದಾನಿಗಳ ಪಟ್ಟಿ ಅವರದು, ಶಾಲೆಯ ಲೆಕ್ಕ ಶಾಲೆಯದು, ಕುರುಗೋಡಿನ ಅಮ್ಮನ ಪದ ಅವರ ಮಗಳದು. ಅದರ ಬಾಗಿಲನ್ನು ತೆರೆಯಲಾಗದಂತೆ ಇಟ್ಟು, ತೆರೆಯಲು ನನ್ನನ್ನೇ ಕರೆಯಿರಿ ಎನ್ನುವುದು ಸಂಬಳವಲ್ಲ, ಸುಂಕ. ಆದರೆ ನನ್ನ ಕೈಗುಣ ನನ್ನದೇ. ಅದನ್ನು ಬರೆದುಕೊಟ್ಟರೂ ಅದು ಬೇರೆಯವರಿಗೆ ಹೋಗುವುದಿಲ್ಲ. ಗೊಜ್ಜಿನ ಅಳತೆಯನ್ನು ಸಾಸಿವೆ ಮೆಂತ್ಯದ ಸಮೇತ ಬರೆದುಕೊಟ್ಟ ಮೇಲೂ ಹಬ್ಬದ ದಿನ ‘ನೀವೇ ಬಂದು ಕಲಸಿ’ ಎಂದು ಕರೆಸಿಕೊಳ್ಳುವ ಹೆಂಗಸರು ನಮ್ಮ ಓಣಿಯಲ್ಲೇ ಇದ್ದಾರೆ. ಕೈಗುಣಕ್ಕೆ ಬೆಲೆ ಕೇಳಲು ನಾಚಬಾರದು. ನಮ್ಮ ಹೆಂಗಸರು ಎಡವುವುದು ಇಲ್ಲಿಯೇ ಎಂದು ಕಾಣುತ್ತದೆ. ಕೈಗುಣಕ್ಕೆ ಬೆಲೆ ಕೇಳಲು ಸಂಕೋಚ, ಆದ್ದರಿಂದ ಕೀಲಿಯನ್ನು ಬಚ್ಚಿಡುವುದು. ಕೇಳಿ ಪಡೆಯುವವರಿಗೆ ಬಚ್ಚಿಡುವ ಅಗತ್ಯ ಕಡಿಮೆ.

ಹಾಗಾಗಿ ಈಗ ನನ್ನದು ಮೂರು ನಿಯಮ. ಸೈಟಿನ ಹೆಸರು ಯಾರದೋ ಅವರ ಹೆಸರಿನಲ್ಲೇ ನೋಂದಣಿ. ಎಲ್ಲ ಗುಟ್ಟುಪದಗಳನ್ನೂ, ‘ಯಾಕೆ’ಗಳನ್ನೂ ಬರೆದ ಒಂದು ಕಾಗದ ಅವರ ಬೀರುವಿನಲ್ಲಿ. ಲೆಕ್ಕಗಳ ಒಂದು ಪ್ರತಿ, ಯಾವ ಕಂಪ್ಯೂಟರಿನಲ್ಲೂ ತೆರೆಯಬಹುದಾದ ಸಾದಾ ರೂಪದಲ್ಲಿ. ಜೊತೆಗೆ, ಕೆಲಸದ ಮೊದಲ ದಿನವೇ ವರ್ಷದ ನಿಗಾಕ್ಕೆ ಇಷ್ಟು ಎಂದು ದನಿ ತಗ್ಗಿಸದೆ ಹೇಳುತ್ತೇನೆ.

ಇದರಿಂದ ನಷ್ಟವಾಗಿಲ್ಲವೇ ಎಂದರೆ, ಆಗಿದೆ. ಜೀನ್ಸ್ ಹೊಲಿಯುವ ಸಣ್ಣ ಘಟಕವೊಂದನ್ನು ನಡೆಸುವ ಹೆಂಗಸೊಬ್ಬರಿಗೆ ಆರ್ಡರು, ಕೂಲಿ, ದಾಸ್ತಾನಿನ ಲೆಕ್ಕ ಮಾಡಿಕೊಟ್ಟಿದ್ದೆ. ತಿಂಗಳು ತಿಂಗಳು ಬರುತ್ತಿದ್ದ ಅವರ ಹಣದಲ್ಲಿ ನನ್ನ ಇಂಟರ್ನೆಟ್ಟು, ಕರೆಂಟು, ಮಗಳ ಟ್ಯೂಷನ್ ನಡೆಯುತ್ತಿತ್ತು. ಒಂದು ದಿನ ಬಂದು, ‘ಅಕ್ಕಾ, ತಪ್ಪು ತಿಳೀಬ್ಯಾಡ್ರಿ. ನಮ್ಮ ತಂಗಿ ಮಗ ಓದು ಮುಗಿಸ್ಯಾನ, ಅರ್ಧ ದುಡ್ಡಿಗೆ ನೋಡ್ಕೊಂತೀನಿ ಅಂತಾನ. ನೀವು ಕೊಟ್ಟ ಕಾಗದ ತೋರಿಸಿದೆ, ಎಲ್ಲಾ ತಿಳೀತತಿ ಅಂದ’ ಎಂದರು. ಆ ಕಾಗದವೇ ನನ್ನ ಕೆಲಸ ಕಳೆಯಿತು! ಅವತ್ತು ರಾತ್ರಿ ಊಟ ರುಚಿಸಲಿಲ್ಲ. ಗೆಳತಿಯ ಮಾತು ಕಿವಿಯಲ್ಲಿ ಗುಂಯ್ ಎಂದಿತು. ಆದರೆ ಇನ್ನೊಂದೂ ಹೊಳೆಯಿತು. ಇಪ್ಪತ್ತು ಹೆಣ್ಣುಮಕ್ಕಳ ವಾರದ ಕೂಲಿ ಆ ಲೆಕ್ಕದಲ್ಲಿ ನಡೆಯುತ್ತದೆ. ನಾನು ಕಾಗದ ಕೊಡದಿದ್ದರೆ ಅವರು ನನ್ನ ಹತ್ತಿರವೇ ಉಳಿಯುತ್ತಿದ್ದರು ನಿಜ. ಅದು ನನ್ನ ಕೆಲಸ ಮೆಚ್ಚಿ ಉಳಿದಂತೆ ಆಗುತ್ತಿರಲಿಲ್ಲ, ಹೊರಗೆ ಹೋಗಲು ಬಾಗಿಲಿಲ್ಲದೆ ಉಳಿದಂತೆ ಆಗುತ್ತಿತ್ತು. ಹಾಗೆ ಉಳಿದವರು ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರಿದ್ದಾರೆ ಎಂದು ನಮಗೆ ಗೊತ್ತಿಲ್ಲವೆ? ಆ ಕಟ್ಟನ್ನು ಇನ್ನೊಬ್ಬರ ಮೇಲೆ ನಾನು ಹಾಕಲಾರೆ. ಹಣದ ಕೊರತೆ ತುಂಬಲು ಏಳು ತಿಂಗಳು ಹಿಡಿಯಿತು.

ಕೀಲಿ ಕೊಡು ಎನ್ನುವವರಿಗೂ ಒಂದು ಮಾತು ಹೇಳಬೇಕು. ಸೊಸೆಗೆ, ಕೂಲಿಯ ಹುಡುಗಿಗೆ, ಊರಿನ ಸಣ್ಣ ಕಸುಬಿನವರಿಗೆ ‘ಎಲ್ಲ ಬಿಚ್ಚಿಡು’ ಎಂದು ಕೇಳುವ ಹಕ್ಕು, ಅವರ ಜಾಗ ಅದರಿಂದ ಅಲುಗಾಡದು ಎಂದು ತೋರಿಸಿದವರಿಗೆ ಮಾತ್ರ ಇದೆ. ಅತ್ತೆಗೆ ನಡುಮನೆಯಲ್ಲಿ ಗೌರವದ ಜಾಗವಿದ್ದರೆ ಗೊಂಚಲು ತಾನಾಗಿ ಸಡಿಲವಾಗುತ್ತದೆ. ಹನ್ನೊಂದು ವರ್ಷಕ್ಕೆ ಒಂದು ರಸೀದಿ ಕೊಟ್ಟವರು ಪಾಸ್‌ವರ್ಡಿಗಾಗಿ ಬಾಯಿ ಬಡಿದುಕೊಂಡರೆ ಅರ್ಧ ನ್ಯಾಯ ಮಾತ್ರ ಅವರ ಕಡೆಗಿರುತ್ತದೆ.

ಇದೆಲ್ಲ ಕಂಪ್ಯೂಟರಿನವರ ಮಾತಾಯಿತು, ನಮಗೇನು ಎನ್ನಬೇಡಿ. ಇವತ್ತು ನಿಮ್ಮ ಫೋನಿನೊಳಗೂ ಒಂದು ಉಗ್ರಾಣವಿದೆ. ಮಗುವಿನ ಮೊದಲ ಹೆಜ್ಜೆಯ ವಿಡಿಯೋ, ಗ್ಯಾಸಿನ ಪುಸ್ತಕ, ಬ್ಯಾಂಕಿನ ಖಾತೆ, ತಾಯಿ ಕಳಿಸಿದ ದನಿಯ ಸಂದೇಶ. ಯಾವ ಖಾತೆಗೆ ಯಾರು ನಾಮಿನಿ, ಗುಟ್ಟುಪದ ಎಲ್ಲಿ ಬರೆದಿದೆ, ಯಾವ ಫೋಟೋ ಅಳಿಸಬಾರದು, ಯಾಕೆ ಅಳಿಸಬಾರದು ಎಂದು ಒಂದು ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ನಂಬಿಕೆಯವರಿಗೆ ತಿಳಿಯುವ ಕಡೆ ಇಡಿ. ಫೋನಿನ ಮೂಲೆಯಲ್ಲಿ ಬೇಡ, ಕಾಗದದ ಮೇಲೆ, ಪೆನ್ನಿನಲ್ಲಿ. ಎರಡು ಥರ ಹೇಳಿದ್ದು ಏನಾದರೂ ಇದ್ದರೆ, ಅದು ತಪ್ಪಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.